ಗಣಪತಿ ಮಂಡಳಕ್ಕೆ ಯಾವ ವಿಮೆ?

ಬೆಳಗಾವಿಯಲ್ಲಿ ಗಣಪತಿ ಕೂಡಿಸುವ ಮಂಡಳದವರ ಮುಂದೆ ಎರಡು ದಾರಿ. ಬರೀ ಹೊಣೆಗಾರಿಕೆ ವಿಮೆ ಅಗ್ಗ: ಪೆಂಡಾಲಿನ ಕಂಬ ಬಿದ್ದು ದರ್ಶನಕ್ಕೆ ಬಂದವರಿಗೆ ಪೆಟ್ಟಾದರೆ, ಪಕ್ಕದ ಅಂಗಡಿಯ ಗಾಜು ಒಡೆದರೆ, ಮಂಡಳ ಕಾನೂನಿನಂತೆ ಕೊಡಬೇಕಾದ ಪರಿಹಾರವನ್ನು ಮಿತಿಯೊಳಗೆ ಕಂಪನಿ ಕೊಡುತ್ತದೆ. ನಿಮ್ಮದೇ ಪೆಂಡಾಲು ಸುಟ್ಟರೆ ಚಿಕ್ಕಾಸೂ ಇಲ್ಲ. ಪೂರ್ತಿ ಕಾರ್ಯಕ್ರಮ ವಿಮೆಯಲ್ಲಿ ಸಾಮಾನು, ರದ್ದಾದ ಕಾರ್ಯಕ್ರಮದ ನಷ್ಟವೂ ಸೇರಬಹುದು, ಪ್ರೀಮಿಯಂ ಏರುತ್ತದೆ.

ಸಣ್ಣ ಮಂಡಳಕ್ಕೆ ಮೊದಲನೆಯದೇ ಸಾಕು ಅಂತೀನಿ. ಆದರೆ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ, ‘ಒಂದು ಅಪಘಾತಕ್ಕೆ’ ಎಷ್ಟು ಅಂತ ಕೇಳಿ; ಒಂದು ಅನಾಹುತಕ್ಕೆ ಕಂಪನಿ ಕೊಡುವುದು ಹೆಚ್ಚೆಂದರೆ ಅಷ್ಟೇ. ಮೂರ್ತಿ ಮುಳುಗಿಸುವ ಕಪಿಲೇಶ್ವರ ಹೊಂಡದವರೆಗಿನ ಮೆರವಣಿಗೆಯನ್ನೂ ಪಾಲಿಸಿಯಲ್ಲಿ ಬರೆಸಿ; ಅದರಲ್ಲಿ ಜಾಗ ಪೆಂಡಾಲಷ್ಟೇ ಎಂದಿದ್ದರೆ ಹಾದಿಯ ಅನಾಹುತ ನಿಮ್ಮ ತಲೆಗೇ. (ಟ್ರ್ಯಾಕ್ಟರ್ ಹಾಯ್ದರೆ ಅದು ವಾಹನ ವಿಮೆಯ ಪಾಲು.) ಮೂರ್ತಿ ಎತ್ತುವ ಹುಡುಗರಿಗೆ ಗುಂಪು ಅಪಘಾತ ವಿಮೆ ಬೇರೆಯೇ ಮಾಡಿಸಬೇಕು.