ಬಳಸಿದ ಕ್ಯಾಮೆರಾ, ಲೆನ್ಸ್ ಬೆಲೆ ಇಳಿದರೆ ಬೇಗ ತಿಳಿಯಲು ಯಾವ ಅಲರ್ಟ್ ಸರಿ?

ಬಳಸಿದ ಲೆನ್ಸ್ ಅಂದರೆ ಹೆಚ್ಚಾಗಿ ಒಂದೇ ಪೀಸ್ ಇರುತ್ತದೆ. ಸುದ್ದಿ ತಡವಾಗಿ ಬಂದರೆ ಅದು ಆಗಲೇ ಬೇರೆಯವರ ಪಾಲು. ಹಾಗಾಗಿ ಇಲ್ಲಿ ವೇಗವೇ ಮುಖ್ಯ, ಅಲ್ವಾ?

ಇಬೇಯಂಥ ಆನ್‌ಲೈನ್ ಮಾರಾಟ ತಾಣಗಳಲ್ಲಿ ಎರಡು ದಾರಿ ಇವೆ. ವಾಚ್‌ಲಿಸ್ಟ್‌ಗೆ ಹಾಕಿದರೆ ಆ ಒಂದು ವಸ್ತುವಿನ ಮೇಲೆ ಮಾತ್ರ ಕಣ್ಣು. ಹುಡುಕಾಟವನ್ನೇ ಸೇವ್ ಮಾಡಿದರೆ ಹೊಸದಾಗಿ ಬರುವ ಪೀಸ್‌ಗಳೂ ಗೊತ್ತಾಗುತ್ತವೆ. ನನಗೆ ಎರಡನೆಯದೇ ಜಾಸ್ತಿ ಇಷ್ಟ. ಕಡಿಮೆ ಬೆಲೆಗೆ ಹೊಸದಾಗಿ ಬಂದ ಪೀಸ್, ಬೆಲೆ ಇಳಿದದ್ದಕ್ಕಿಂತ ಬೇಗ ಮಾರಾಟವಾಗಬಹುದು. ಹುಡುಕುವಾಗಲೇ ಗರಿಷ್ಠ ಬೆಲೆ ಹಾಕಿ. ಇಮೇಲ್ ನೆಚ್ಚಿಕೊಳ್ಳದೆ ಆ್ಯಪ್ ನೋಟಿಫಿಕೇಶನ್ ಆನ್ ಮಾಡಿ.

ಅಲರ್ಟ್ ಸೌಲಭ್ಯವೇ ಇಲ್ಲದ ಅಂಗಡಿಗಳಿಗೆ ಡಿಸ್ಟಿಲ್, ವಿಷುವಲ್‌ಪಿಂಗ್ ಇವೆ. ಇವು ಪುಟ ಬದಲಾದರೆ ಹೇಳುತ್ತವೆ. ಡಿಸ್ಟಿಲ್ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) ನಿಮ್ಮ ಬ್ರೌಸರ್‌ನಲ್ಲೇ ಓಡುವುದರಿಂದ ಪದೇ ಪದೇ ನೋಡಬಲ್ಲದು, ಆದರೆ ಬ್ರೌಸರ್ ಮುಚ್ಚಿದರೆ ಅದೂ ನಿಲ್ಲುತ್ತದೆ. ಕ್ಲೌಡ್‌ನಲ್ಲಿ, ಅಂದರೆ ಆ ಕಂಪನಿಯ ಸರ್ವರ್‌ನಲ್ಲೇ ಓಡಿಸಿದರೆ, ಆ ತೊಂದರೆ ಇಲ್ಲ. ಅಲ್ಲಿ ಪದೇ ಪದೇ ನೋಡಬೇಕೆಂದರೆ ಮಾತ್ರ ದುಡ್ಡು ಕೊಡಬೇಕು. ಇಡೀ ಪುಟ ಬೇಡ, ಬೆಲೆ ಇರುವ ಜಾಗವನ್ನಷ್ಟೇ ಆರಿಸಿ. ಇಲ್ಲದಿದ್ದರೆ ಜಾಹೀರಾತು ಬದಲಾದಾಗಲೆಲ್ಲ ಸುಮ್ನೆ ಫೋನ್ ಸದ್ದು ಮಾಡುತ್ತದೆ.

ಕೀಪಾ, ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ಎಂಬ ಬೆಲೆ ಗಮನಿಸುವ ತಾಣಗಳು ಅಮೆಜಾನ್‌ಗೆ ಮಾತ್ರ. ಬಳಸಿದ ವಸ್ತುಗಳ ಹಳೆಯ ಬೆಲೆಯೂ ಗ್ರಾಫ್‌ನಲ್ಲಿ ಸಿಗುತ್ತದೆ. ಎಷ್ಟು ಕೊಟ್ಟರೆ ನ್ಯಾಯ ಅಂತ ತಿಳಿಯಲು ಚೆನ್ನಾಗಿವೆ.

ಒಂದೇ ಮಾಡೆಲ್ ಬೇಕಿದ್ದರೆ ಸೇವ್ ಮಾಡಿದ ಹುಡುಕಾಟ ಸಾಕು. ನಿರ್ದಿಷ್ಟ ಅಂಗಡಿಯೇ ಬೇಕಿದ್ದರೆ ಡಿಸ್ಟಿಲ್. ಅಲರ್ಟ್ ಬಂದ ಮೇಲೂ ಲೆನ್ಸ್‌ನಲ್ಲಿ ಫಂಗಸ್ ಇದೆಯಾ, ಕ್ಯಾಮೆರಾದ ಶಟರ್ ಕೌಂಟ್ (ಶಟರ್ ಇದುವರೆಗೆ ಎಷ್ಟು ಸಲ ತೆರೆದಿದೆ ಎಂಬ ಲೆಕ್ಕ) ಎಷ್ಟು, ವಾಪಸ್ ಕೊಡಬಹುದಾ ಅಂತ ನೋಡಿಯೇ ದುಡ್ಡು ಕಟ್ಟಿ.