ಫೋಲ್ಡ್‌ಸ್ಕೋಪ್: ಕಡಲ ದಂಡೆಯ ಪಾಠಕ್ಕೆ ಆಗುತ್ತಾ?

ಕಾರವಾರದ ದಂಡೆಯಲ್ಲಿ ಶಾಲೆ ಮಕ್ಕಳಿಗೆ ಕಡಲ ಜೀವಿಗಳ ಪಾಠ ಮಾಡುವುದು ನನ್ನ ಕೆಲಸ. ಮೊದಲೆಲ್ಲ ಒಂದೇ ಮೈಕ್ರೋಸ್ಕೋಪ್ ಹೊತ್ತುಕೊಂಡು ಹೋಗುತ್ತಿದ್ದೆ. 40 ಮಕ್ಕಳು, ಒಂದು ಸಾಲು. ಒಬ್ಬೊಬ್ಬರಿಗೆ 10 ಸೆಕೆಂಡು ಸಿಕ್ಕರೆ ಜಾಸ್ತಿ. ಕೊನೆಯವರ ಸರದಿ ಬರುವಷ್ಟರಲ್ಲಿ ಗಾಜಿನ ಮೇಲಿನ ಹನಿ ಒಣಗಿ ಉಪ್ಪಾಗಿರುತ್ತಿತ್ತು. ಆದರೂ ಮಕ್ಕಳು "ಕಾಣ್ತು ಟೀಚರ್" ಎಂದು ಸುಮ್ನೆ ಹೇಳಿ ಜಾಗ ಬಿಡುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಬೇಜಾರಾಗುತ್ತಿತ್ತು.

ಎರಡು ವರ್ಷದಿಂದ ಫೋಲ್ಡ್‌ಸ್ಕೋಪ್ ಬಳಸುತ್ತಿದ್ದೇನೆ. ಇದು ಕಾಗದದ ಮೈಕ್ರೋಸ್ಕೋಪ್. ನೀರಿಗೆ ಹಾಳಾಗದ, ಹರಿಯದ ಕಾಗದ. ಹಾಳೆಯಿಂದ ಭಾಗಗಳನ್ನು ಬಿಡಿಸಿ, ಮಡಚಿ, ಮಕ್ಕಳೇ ಜೋಡಿಸಿಕೊಳ್ಳಬೇಕು. ಕಾನ್ಪುರ ಐಐಟಿಯಲ್ಲಿ ಓದಿದ ಮನು ಪ್ರಕಾಶ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ತಮ್ಮ ತಂಡದ ಜೊತೆ ರೂಪಿಸಿದ್ದು. ಇದರ ಪ್ರಬಂಧ ಬಂದದ್ದು 2014ರಲ್ಲಿ. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಒಳಗಿರುವ ಲೆನ್ಸ್ ಅಂದರೆ ಸಾಸಿವೆ ಕಾಳಿನಂಥ ಒಂದು ಗಾಜಿನ ಗುಂಡು, ಅಷ್ಟೇ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1670ರ ದಶಕದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನು ನೋಡಿದ್ದೂ ಇಂಥದೇ ಒಂಟಿ ಲೆನ್ಸಿನಲ್ಲಿ.

ನಾವು ಹೋಗುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಆಗ ಇಳಿತ ಜೋರು, ಬಂಡೆಗಳು ಚೆನ್ನಾಗಿ ಬಯಲಾಗುತ್ತವೆ. ಸ್ಕ್ರೀನ್ ಪ್ರಿಂಟಿಂಗ್‌ನ ಸಣ್ಣ ಕಣ್ಣಿನ ಬಟ್ಟೆಯಲ್ಲಿ ನಾನೇ ಹೊಲಿದ ಬಲೆಯಿಂದ ನೀರು ಸೋಸಿ, ಒಬ್ಬೊಬ್ಬರಿಗೂ ಒಂದೊಂದು ಹನಿ ಕೊಡುತ್ತೇನೆ. ಒಮ್ಮೆ ಒಬ್ಬ ಹುಡುಗ ಕಣ್ಣಿಗೆ ಒತ್ತಿಕೊಂಡು ನೋಡಿ, "ಟೀಚರ್, ಜರಡಿ!" ಅಂದ. ನಾನೂ ನೋಡಿದೆ. ದುಂಡಗೆ, ಬಂಗಾರದ ಬಣ್ಣ, ಮೈತುಂಬ ಸಾಲು ಸಾಲು ತೂತಿನಂಥ ಚುಕ್ಕೆ. ಕೊಸಿನೋಡಿಸ್ಕಸ್ ಎಂಬ ಡಯಾಟಮ್, ಅಂದರೆ ಗಾಜಿನಂಥ ಚಿಪ್ಪಿರುವ ಒಂದೇ ಕೋಶದ ಪಾಚಿ. ಆ ಹೆಸರಿನ ಮೊದಲರ್ಧಕ್ಕೆ ಗ್ರೀಕಿನಲ್ಲಿ ಜರಡಿ ಅಂತಲೇ ಅರ್ಥ. ಅವನಿಗೆ ಅದು ಗೊತ್ತಿರಲಿಲ್ಲ. ಹತ್ತು ಸೆಕೆಂಡಿನ ಸಾಲಿನಲ್ಲಿ ನಿಂತಿದ್ದರೆ ಅವನಿಗೆ ಜರಡಿ ಕಾಣುತ್ತಿತ್ತಾ?

ಕೊರತೆಗಳೂ ಇವೆ. ನಡುವೆ ಚೆನ್ನಾಗಿ ಕಾಣುತ್ತದೆ, ಅಂಚು ಮಸುಕು. ಗುಂಡು ಲೆನ್ಸ್ ಅಂದರೆ ಹಾಗೇ. ಬಂಡೆಗೆ ಅಂಟಿಕೊಂಡು ಕಾಲು ಕೊಯ್ಯುವ ಚಿಪ್ಪಿನ ಜೀವಿ ಬಾರ್ನಕಲ್ ಇದೆಯಲ್ಲ, ಅದರ ಮರಿಗೆ ಒಂಟಿ ಕಣ್ಣು, ಮೂರು ಜೊತೆ ಕಾಲು. ಅದು ಚಂಗನೆ ಹಾರಿ ನೋಟದಿಂದ ತಪ್ಪಿಸಿಕೊಳ್ಳುತ್ತದೆ. ಹನಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಕನ್ನಡಕ ಹಾಕುವ ಮಕ್ಕಳು ಅದನ್ನು ತೆಗೆದು ನೋಡಬೇಕು, ರೆಪ್ಪೆ ತಾಗುವಷ್ಟು ಹತ್ತಿರ ಹಿಡಿಯಬೇಕಲ್ಲ. ಬೆಳಕಿಗೆ ಆಕಾಶದ ಕಡೆ ಹಿಡಿಸಿ. ಸೂರ್ಯನ ಕಡೆ ಹಿಡಿಯಲೇಬಾರದು. ಇದನ್ನು ಪ್ರತಿ ಸಲ ಮಕ್ಕಳಿಂದ ಬಾಯಿಬಿಟ್ಟು ಹೇಳಿಸಿಯೇ ಶುರು ಮಾಡುತ್ತೇನೆ.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ದಂಡೆಯಿಂದ ಬಂದವಳು ಒರೆಸದೆ ಚೀಲದಲ್ಲೇ ಬಿಟ್ಟೆ. ಲೆನ್ಸ್ ಸುತ್ತ ಉಪ್ಪು ಕಟ್ಟಿತು, ಅಯಸ್ಕಾಂತದ ಬಿಲ್ಲೆಗಳಿಗೆ ತುಕ್ಕು ಹಿಡಿಯಿತು. ಈಗ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಹಳೇ ಪಂಚೆ ತುಂಡಿನಿಂದ ಒರೆಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನೂ ಜೊತೆಗಿಡುತ್ತೇನೆ. ಆಮೇಲೆ ಒಂದೂ ಹಾಳಾಗಿಲ್ಲ.

ಕಾಲೇಜಿನ ಪ್ರಯೋಗಾಲಯಕ್ಕೆ ಇದು ಸಾಲದು. ಆದರೆ ದಂಡೆಯಲ್ಲಿ ಪಾಠ ಮಾಡುವವರು ಖಂಡಿತ ತಗೊಳ್ಳಿ, ಮಗುವಿಗೊಂದರಂತೆ ತಗೊಳ್ಳಿ. ಮನೆಗೂ ಕೊಟ್ಟು ಕಳಿಸಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಕಡಲಿಗೆ ಹೋಗುವ ಹಾಗಿಲ್ಲ, ನನ್ನ ಪಾಠವೂ ಬಂದ್. ಕಳೆದ ಮಳೆಗಾಲದಲ್ಲಿ ಇಲ್ಲೇ ಕಾರವಾರದ ಬೈತಖೋಲದ ಹುಡುಗಿಯೊಬ್ಬಳು ಒಂದನ್ನು ಕೇಳಿ ಒಯ್ದಳು. ಆಗಸ್ಟ್‌ನಲ್ಲಿ ನಾಲ್ಕು ಸ್ಲೈಡ್ ತಂದು ಕೊಟ್ಟಳು. ದಡಕ್ಕೆ ಎಳೆದಿದ್ದ ದೋಣಿಯ ಅಡಿಯಿಂದ ಕೆರೆದ ಪಾಚಿ. ನಾನು ಹೇಳಿರಲಿಲ್ಲ. ಒಂದರ ಮೇಲೆ ಪೆನ್ಸಿಲ್‌ನಲ್ಲಿ ಬರೆದಿತ್ತು: "ಅಪ್ಪನ ದೋಣಿ, ಬಲಬದಿ".