ಅಗ್ಗದ ಬೇಸ್ ಗಿಟಾರಿಗೆ ಮೊದಲು ಯಾವುದು: ತಂತಿಯೋ, ಪಿಕಪ್ಪೋ?

ಬೆಳಗಾವಿಯ ಭಾವಗೀತೆ ಮತ್ತು ದಾಸರಪದಗಳ ಕಾರ್ಯಕ್ರಮಗಳಲ್ಲಿಯೂ ಗಣೇಶೋತ್ಸವದ ರಸಮಂಜರಿಗಳಲ್ಲಿಯೂ ನಾನು ನುಡಿಸುತ್ತಿರುವುದು 18,000 ರೂಪಾಯಿಗೆ ಕೊಂಡ ನಾಲ್ಕು ತಂತಿಯ ಬೇಸ್ ಗಿಟಾರನ್ನು. ಅದರ ಪಿಕಪ್‌ಗಳು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳು, ಎರಡು: ಮುಂದಿನದು ಪ್ರಿಸಿಷನ್ ಮಾದರಿಯದು, ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್ ಬಳಿಯದು ಜಾಝ್ ಮಾದರಿಯದು. ಎರಡು ವರ್ಷಗಳಲ್ಲಿ ಇದೇ ವಾದ್ಯಕ್ಕೆ, ಇದೇ ಆ್ಯಂಪ್ಲಿಫೈಯರ್ (ಆ್ಯಂಪ್) ಇಟ್ಟುಕೊಂಡು, 45–105 ಗೇಜಿನ (ದಪ್ಪದ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಮೂರು ಬಗೆಯ ತಂತಿಗಳನ್ನೂ ಆಮೇಲೆ ಕೆಲವು ಬಿಡಿಭಾಗಗಳನ್ನೂ ಒಂದೊಂದಾಗಿ ಹಾಕಿ ನೋಡಿದ್ದೇನೆ.

ಮೊದಲು ಹಾಕಿದ್ದು ನಿಕ್ಕಲ್ ಲೇಪನದ ರೌಂಡ್‌ವೌಂಡ್, ಅಂದರೆ ಒಳತಂತಿಯ ಮೇಲೆ ದುಂಡು ತಂತಿ ಸುತ್ತಿದ್ದು. ಹೊಸದರಲ್ಲಿ ಅದರ ನಾದ ಸ್ಪಷ್ಟ, ಸಮತೂಕದ್ದು. ಆದರೆ ಮೃಗಶಿರಾ ಮಳೆ ಹಿಡಿದು ಮನೆಯ ಗೋಡೆಗಳೇ ತಣ್ಣಗಾಗುವ ನಮ್ಮೂರಿನಲ್ಲಿ, ಬೆವರು ಕೂತ ಸುತ್ತುಗಳ ಸಂದಿಯಲ್ಲಿ ಒಂದೂವರೆ ತಿಂಗಳಿಗೇ ಕಂದು ಕಲೆ ಕಾಣಿಸಿತು, ನಾದವೂ ಮಂಕಾಯಿತು. ಸ್ಟೇನ್‌ಲೆಸ್ ಸ್ಟೀಲಿನ ರೌಂಡ್‌ವೌಂಡ್ ಮಳೆಗಾಲವನ್ನು ಚೆನ್ನಾಗಿ ತಡೆಯಿತು ಮತ್ತು ಮೂರರಲ್ಲಿ ಅತ್ಯಂತ ಪ್ರಖರವಾಗಿ ಕೇಳಿಸಿತು. ಆದರೆ ಬೆರಳು ಜಾರಿದಾಗಲೆಲ್ಲ ಕಿರುಗುಟ್ಟಿತು, ಸ್ವರಸ್ಥಾನ ತೋರಿಸುವ ಮೆತ್ತನೆಯ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಮೇಲೆ ಗೆರೆಗಳನ್ನೂ ಮೂಡಿಸಿತು.

ಮೂರನೆಯದು ಫ್ಲ್ಯಾಟ್‌ವೌಂಡ್. ಹೊರಸುತ್ತಿಗೆ ದುಂಡು ತಂತಿಯ ಬದಲು ಚಪ್ಪಟೆ ಪಟ್ಟಿ ಬಳಸುವುದರಿಂದ ಮೈ ನುಣುಪಾಗಿರುತ್ತದೆ, ಕೊಳೆ ಕೂರುವ ಸಂದಿಯೂ ಕಡಿಮೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದುದು ಇಂಥ ತಂತಿಗಳನ್ನೇ, ಅವನ್ನು ಬದಲಿಸುತ್ತಿದ್ದುದೂ ತೀರ ಅಪರೂಪ. ನನ್ನನ್ನು ಈ ತಂತಿಯ ಕಡೆಗೆ ತಿರುಗಿಸಿದವರು ಮಾತ್ರ ನಮ್ಮ ತಂಡದ ಹಿರಿಯ ತಬಲಾ ವಾದಕರು. "ತಮ್ಮಾ, ನಿನ್ನ ತಂತಿ ಗುಂಯ್‌ಗುಡೋದು ನಿಲ್ಲವಲ್ತು, ಅದರಾಗ ನನ್ನ ಡಗ್ಗಾ ಕೇಳವಲ್ತು" ಎಂದು ಒಂದು ಅಭ್ಯಾಸದ ದಿನ ಅವರು ಹೇಳಿದ್ದು ನಿಜವಾಗಿತ್ತು. ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಮೀಂಡಿಗೂ, ಅಂದರೆ ಜಾರುವ ನಾದಕ್ಕೂ, ಬೇಸಿನ ಕೆಳಸ್ವರಗಳಿಗೂ ಇರುವ ಜಾಗ ಒಂದೇ ಆದುದರಿಂದ, ನಾದ ಬೇಗನೆ ಅಡಗುವ ಫ್ಲ್ಯಾಟ್‌ವೌಂಡ್ ಹಾಕಿದ ಮೇಲೆ ಅವರ ಎಡಗೈ ಕೆಲಸ ಮೊದಲ ಬಾರಿಗೆ ನನಗೇ ಬಿಡಿಬಿಡಿಯಾಗಿ ಕೇಳಿಸಿತು. ಅಂದಿನಿಂದ ನಾನು ದಾಸರಪದಗಳಿಗೆ ಬೇರೆ ತಂತಿ ಮುಟ್ಟಿಲ್ಲ.

ಇದಕ್ಕೊಂದು ಮಿತಿಯೂ ಇದೆ. ಎಲ್ಲಕ್ಕಿಂತ ಕೆಳಸ್ವರದ ಇ (E) ತಂತಿಯ ಮೂಲ ಕಂಪನ ಸುಮಾರು 41 ಹರ್ಟ್ಸ್. 8 ಇಂಚಿನ ಸ್ಪೀಕರಿನ ಸಣ್ಣ ಆ್ಯಂಪ್ ಅದನ್ನು ಸರಿಯಾಗಿ ಹೊರಡಿಸಲಾರದು, ಅಲ್ಲಿ ಕಿವಿ ಸ್ವರವನ್ನು ಗುರುತಿಸುವುದು ಮೂಲ ಕಂಪನದ ಜೊತೆಗೆ ಹುಟ್ಟುವ ಮೇಲಿನ ಅನುಸ್ವರಗಳಿಂದಲೇ. ಫ್ಲ್ಯಾಟ್‌ವೌಂಡಿನಲ್ಲಿ ಅವು ಕ್ಷೀಣವಾಗಿರುವುದರಿಂದ, ವಾದ್ಯವನ್ನು ಸಭಾಂಗಣದ ಮಿಕ್ಸರಿಗೆ ನೇರವಾಗಿ ಕೊಟ್ಟಾಗ ತುಂಬಿ ಬಂದ ಅದೇ ನಾದ ಬಯಲು ಪೆಂಡಾಲಿನಲ್ಲಿ ನನ್ನ ಆ್ಯಂಪ್ ಒಂದರಿಂದಲೇ ನುಡಿಸಿದಾಗ ಕರಗಿಹೋಯಿತು. ಬರಿ ಸಣ್ಣ ಆ್ಯಂಪ್ ನೆಚ್ಚಿ ಸಿನಿಮಾ ಹಾಡು ನುಡಿಸುವವರಿಗೆ ನಿಕ್ಕಲ್ ರೌಂಡ್‌ವೌಂಡೇ ಸರಿ ಎಂದು ಹೇಳುತ್ತೇನೆ.

ನಾನು ಹಾಕಿದ ಫ್ಲ್ಯಾಟ್‌ವೌಂಡಿಗೆ ಎಳೆತ ಹೆಚ್ಚಾಗಿದ್ದು, ನೆಕ್ (ಫ್ರೆಟ್‌ಗಳಿರುವ ಉದ್ದನೆಯ ಕತ್ತು) ಮುಂದಕ್ಕೆ ಬಾಗಿತು. ನೆಕ್ಕಿನೊಳಗೆ ಬಾಗನ್ನು ಸರಿಪಡಿಸಲೆಂದೇ ಇರುವ ಲೋಹದ ಸರಳಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಯದೆ, ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಇ ತಂತಿಯನ್ನು ಒತ್ತಿ ಹಿಡಿದು, ನಡುವೆ ಏಳನೆಯ ಫ್ರೆಟ್ಟಿನ ಮೇಲೆ ಸುಮಾರು 0.3 ಮಿಲಿಮೀಟರ್ ಸಂದಿ ಉಳಿಸಿದೆ. ಆಮೇಲೆ ಹನ್ನೆರಡನೆಯ ಫ್ರೆಟ್ಟಿನ ಸ್ವರ ಅಲ್ಲಿಯೇ ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿದಾಗ ಹುಟ್ಟುವ ಹಾರ್ಮೋನಿಕ್ಕಿಗೆ ಸರಿಹೊಂದುವವರೆಗೆ ಬ್ರಿಡ್ಜಿನ ಸ್ಯಾಡಲ್‌ಗಳನ್ನು, ಅಂದರೆ ತಂತಿ ಕೂರುವ ತುಂಡುಗಳನ್ನು, ಸರಿಸಿದೆ. ಕಾಸು ಖರ್ಚಿಲ್ಲದ ಈ ಅರ್ಧ ದಿನದ ಕೆಲಸ, ಕೊಂಡು ತಂದ ಯಾವ ಬಿಡಿಭಾಗಕ್ಕಿಂತಲೂ ಹೆಚ್ಚಿನ ಬದಲಾವಣೆ ತಂದಿತು.

ಬಿಡಿಭಾಗಗಳಲ್ಲಿ ದುಡ್ಡಿಗೆ ತಕ್ಕ ಫಲ ಕೊಟ್ಟದ್ದು ತಾಮ್ರದ ಟೇಪು. ಜಾಝ್ ಮಾದರಿಯ ಪಿಕಪ್ಪಿನದು ಒಂಟಿ ಸುರುಳಿಯಾದ್ದರಿಂದ ಅದೊಂದನ್ನೇ ತೆರೆದರೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಇ ತಂತಿಯ ಮೂರನೆಯ ಫ್ರೆಟ್ಟಿನ 49 ಹರ್ಟ್ಸ್‌ಗೆ ಅಂಟಿಕೊಂಡೇ ಇರುವುದರಿಂದ ಆ ಸ್ವರ ಕಲಕಿದಂತಾಗುತ್ತಿತ್ತು. ಪಿಕಪ್ ಕೂರುವ ಒಳಗುಳಿಗೆ ಟೇಪು ಹೊದಿಸಿ ವಾದ್ಯದ ಅರ್ತ್ (ಗ್ರೌಂಡ್) ತಂತಿಗೆ ಜೋಡಿಸಿದ ಮೇಲೆ ಸದ್ದು ಪೂರ್ತಿ ಹೋಗದಿದ್ದರೂ ಸಹಿಸುವ ಮಟ್ಟಕ್ಕೆ ಇಳಿಯಿತು. ತೂಕದ ಹಿತ್ತಾಳೆ ಬ್ರಿಡ್ಜಿನಿಂದ ಭಾರ ಬಿಟ್ಟರೆ ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. ಗೆಳೆಯನಿಂದ ಎರವಲು ತಂದ ಆಲ್ನಿಕೋ (ಒಂದು ಬಗೆಯ ಅಯಸ್ಕಾಂತ ಮಿಶ್ರಲೋಹದ) ಪಿಕಪ್ ರೌಂಡ್‌ವೌಂಡಿನೊಂದಿಗೆ ಮಧ್ಯಮ ಸ್ತರವನ್ನು ಚೆನ್ನಾಗಿ ಎತ್ತಿ ತೋರಿಸಿತು, ಫ್ಲ್ಯಾಟ್‌ವೌಂಡಿನೊಂದಿಗೆ ಅದೇ ಗುಣ ಅರ್ಧಕ್ಕರ್ಧ ಮುಚ್ಚಿಹೋಯಿತು. ಅದನ್ನು ಹಿಂದಿರುಗಿಸಿ, ಹಳೆಯ ಪಿಕಪ್ಪನ್ನೇ ಮರಳಿ ಬೆಸುಗೆ ಹಾಕಿಕೊಂಡೆ.